ಸಾಕ್ಷಿ ಹೇಳುವ ಮೊದಲು ಉದ್ರಿ ತೀರಿಸಿ: ದಿನದ ನಡತೆಗೆ ಒಂದು ಮಾರ್ಗದರ್ಶಿ

"ಅಕ್ಕಾ, ನನಗ ಮಾತಾಡಲಿಕ್ಕ ಬರಂಗಿಲ್ಲ. ಸಾಕ್ಷಿ ಹ್ಯಾಂಗ ಕೊಡಲಿ?"

ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯ ಕ್ರೈಸ್ತ ಸಭೆಗಳಿಗೆ ಸತ್ಯವೇದದ, ಅಂದರೆ ಬೈಬಲ್ಲಿನ, ಪಾಠ ಮಾಡಲು ಹೋದಾಗಲೆಲ್ಲ ಯಾರಾದರೂ ಒಬ್ಬರು ಹೀಗೆ ಕೇಳುತ್ತಾರೆ. ಇನ್ನೊಂದು ಪ್ರಶ್ನೆಯೂ ಅಷ್ಟೇ ಸಲ ಬರುತ್ತದೆ. "ಎಷ್ಟೋ ವರ್ಷದಿಂದ ಪಕ್ಕದ ಮನೆಯವರಿಗೆ ಯೇಸುವಿನ ವಿಷಯ ಹೇಳುತ್ತಿದ್ದೇನೆ. ಅವರು ಕಿವಿಗೇ ಹಾಕಿಕೊಳ್ಳುವುದಿಲ್ಲ. ನಾನು ಹೇಳುವುದರಲ್ಲಿ ಏನು ತಪ್ಪಿದೆ?"

ಮೊದಲನೆಯವರಿಗೆ ಮಾತು ಬರುವುದಿಲ್ಲ ಎಂಬ ಚಿಂತೆ. ಎರಡನೆಯವರಿಗೆ ಮಾತು ಹತ್ತುತ್ತಿಲ್ಲ ಎಂಬ ಚಿಂತೆ. ನಾನು ಇಬ್ಬರಿಗೂ ಒಂದೇ ಕಡೆಯಿಂದ ಶುರು ಮಾಡಲು ಹೇಳುತ್ತೇನೆ: ನಿಮ್ಮ ಓಣಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ಅದರಲ್ಲಿ ನಿಮ್ಮ ಹೆಸರಿನ ಪುಟ ಹೇಗಿದೆ? ಆ ಪುಟವನ್ನು ಅಂಗಡಿಯವರು ದಿನಾ ನೋಡುತ್ತಾರೆ. ಸತ್ಯವೇದವನ್ನು ಅವರು ಇನ್ನೂ ಓದಿರಲಿಕ್ಕಿಲ್ಲ.

ಪ್ರತಿ ಸಲ ಬಾಯಿಮಾತಿನಲ್ಲಿ ಹೇಳಿ ಹೇಳಿ, ಈಗ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಹಂತ ಹಂತವಾಗಿ ಮಾಡಿ ನೋಡಿ.

ಮೊದಲು ಎರಡು ಪದಗಳ ಅರ್ಥ

ಸಾಕ್ಷಿ ಅಂದರೆ ನಮ್ಮ ಸಭೆಗಳಲ್ಲಿ ಭಾನುವಾರ ಎದ್ದು ನಿಂತು "ದೇವರು ನನಗೆ ಇಂಥ ಉಪಕಾರ ಮಾಡಿದರು" ಎಂದು ಹೇಳುವುದು. ಅದು ಸರಿಯೇ. ಆದರೆ ಕೋರ್ಟಿನಲ್ಲಿ ಸಾಕ್ಷಿ ಅಂದರೆ ಒಬ್ಬ ಮನುಷ್ಯ. ಎದುರು ಪಕ್ಷದ ವಕೀಲರು ಅವನ ಮಾತನ್ನು ಮುರಿಯಬೇಕಾದರೆ ಮೊದಲು ಅವನ ಮೇಲಿರುವ ನಂಬಿಕೆಯನ್ನು ಮುರಿಯುತ್ತಾರೆ. "ಇವನು ಹಿಂದೆ ಸುಳ್ಳು ಹೇಳಿದ್ದಾನೆ" ಎಂದು ತೋರಿಸಿಬಿಟ್ಟರೆ ಸಾಕು, ಅವನು ಕಣ್ಣಾರೆ ಕಂಡದ್ದಕ್ಕೂ ಬೆಲೆ ಇರುವುದಿಲ್ಲ. ಈ ಲೇಖನದಲ್ಲಿ ಸಾಕ್ಷಿ ಎಂದಾಗ ಆ ಮನುಷ್ಯನನ್ನು ನೆನಪಿಟ್ಟುಕೊಳ್ಳಿ.

ಎರಡನೆಯದು ಆತ್ಮದ ಫಲ. ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯ, 22 ಮತ್ತು 23ನೇ ವಚನಗಳಲ್ಲಿ ಒಂಬತ್ತು ಗುಣಗಳಿವೆ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ. ದೀರ್ಘಶಾಂತಿ ಅಂದರೆ ಬೇಗ ಸಿಟ್ಟಿಗೇಳದ ತಾಳ್ಮೆ. ಶಮೆದಮೆ ಅಂದರೆ ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವುದು. ಪಟ್ಟಿಯನ್ನು ಮತ್ತೊಮ್ಮೆ ಓದಿ. ತಾಳ್ಮೆ ಇದೆಯೋ ಇಲ್ಲವೋ ಗೊತ್ತಾಗಬೇಕಾದರೆ ಕೆಣಕುವ ಒಬ್ಬರು ಎದುರಿಗಿರಬೇಕು. ದಯೆ ತೋರಿಸಬೇಕಾದರೆ ಕಷ್ಟದಲ್ಲಿರುವವರೊಬ್ಬರು ಹತ್ತಿರ ಇರಬೇಕು. ಹಾಗಾಗಿ ನಿಮ್ಮ ಆತ್ಮದ ಫಲ ಮೊದಲು ಗೊತ್ತಾಗುವುದು ನಿಮ್ಮ ಸುತ್ತ ಇರುವವರಿಗೆ.

ಏನೇನು ಬೇಕು

ಒಂದು ನೋಟ್‌ಬುಕ್, ಒಂದು ಪೆನ್ನು. ಆರು ವಾರಗಳ ಸಮಯ. ಕೈಯಲ್ಲಿ ಸ್ವಲ್ಪ ದುಡ್ಡು. ಯಾಕೆ ಅಂತ ಎರಡನೇ ಹಂತದಲ್ಲಿ ಗೊತ್ತಾಗುತ್ತದೆ. ಮತ್ತೆ, ನಿಮ್ಮ ಮುಖ ನೋಡಿ ಸತ್ಯ ಹೇಳುವ ಒಬ್ಬರು. ಅವರು ಸಭೆಯ ಹೊರಗಿನವರಾದರೆ ಇನ್ನೂ ಒಳ್ಳೆಯದು.

1. ನಿಮ್ಮನ್ನು ಬಲ್ಲವರ ಪಟ್ಟಿ ಬರೆಯಿರಿ

ಇಪ್ಪತ್ತು ಹೆಸರು ಬರೆಯಿರಿ. ಕಿರಾಣಿ ಅಂಗಡಿಯವರು, ಹಾಲು ಹಾಕುವವರು, ಹೊಲಕ್ಕೆ ಬರುವ ಆಳುಗಳು, ಮನೆ ಮಾಲೀಕರು ಅಥವಾ ಬಾಡಿಗೆಗೆ ಇರುವವರು, ನಳದ ಹತ್ತಿರ ಸಿಗುವ ಹೆಂಗಸರು, ಆಫೀಸಿನ ಸಿಪಾಯಿ, ಮಗನ ಶಾಲೆಯ ಮಾಸ್ತರು, ನಿಮ್ಮ ಸೊಸೆ. ನಮ್ಮ ಭಾಗದಿಂದ ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋದವರು ಬಹಳ ಜನ ಇದ್ದಾರೆ. ನೀವು ಅಲ್ಲಿದ್ದರೆ ಮೇಸ್ತ್ರಿಯನ್ನೂ ಖೋಲಿಯ ಜೊತೆಗಾರರನ್ನೂ ಬರೆಯಿರಿ.

ಹೆಚ್ಚಿನವರು ಎಡವುವುದು ಇಲ್ಲಿಯೇ. ತಾವು ಸಭೆಗೆ ಕರೆತರಬೇಕೆಂದಿರುವವರ ಹೆಸರು ಬರೆದುಬಿಡುತ್ತಾರೆ. ಈ ಪಟ್ಟಿ ಅದಕ್ಕಲ್ಲ. ನಿಮ್ಮ ಜೊತೆ ಕೊಡು-ಕೊಳ್ಳು ಇರುವವರ ಪಟ್ಟಿ ಇದು. ಅದರಲ್ಲೂ ನಿಮಗೆ ಎದುರು ಮಾತಾಡಲಾಗದವರನ್ನು ಮೇಲೆ ಬರೆಯಿರಿ. ಡಿಸಿ ಸಾಹೇಬರ ಮುಂದೆ ನಾವೆಲ್ಲರೂ ಸಾಧುಗಳೇ. ಪಾತ್ರೆ ತೊಳೆಯಲು ಬರುವ ಅವ್ವನಿಗೆ ನಮ್ಮ ನಿಜವಾದ ದನಿ ಗೊತ್ತು.

2. ದುಡ್ಡಿನ ಲೆಕ್ಕ ಚೊಕ್ಕ ಮಾಡಿ

ಇದೇ ಎಲ್ಲಕ್ಕಿಂತ ಕಷ್ಟದ ಹಂತ. ಎರಡು ವಾರ ಇದಕ್ಕೇ ಇಡಿ.

ಪಟ್ಟಿಯ ಪ್ರತಿ ಹೆಸರಿನ ಮುಂದೆ ಕೊಡಬೇಕಾದದ್ದನ್ನು ಬರೆಯಿರಿ. ಅಂಗಡಿಯ ಉದ್ರಿ, ಕೈಸಾಲ, ಭಿಶಿಯ (ಚೀಟಿಯ) ಕಂತು, ಮಹಿಳಾ ಸಂಘದ ಬಾಕಿ, ಬಾಡಿಗೆ, ಟ್ಯೂಷನ್ ಫೀಸು, ಹೊಲಿಗೆಯವರಿಗೆ ಕೊಡಬೇಕಾದದ್ದು. ಹತ್ತು ರೂಪಾಯಿ ಆದರೂ ಬರೆಯಿರಿ. ಎಲ್ಲವನ್ನೂ ಒಮ್ಮೆಗೇ ತೀರಿಸಲು ಆಗದಿದ್ದರೆ ಚಿಕ್ಕದರಿಂದ ಶುರು ಮಾಡಿ. ಉಳಿದವರ ಹತ್ತಿರ ನೀವಾಗಿಯೇ ಹೋಗಿ. "ಕಾಕಾ, ನಿಮ್ಮ ದುಡ್ಡು ಮರೆತಿಲ್ಲ. ತೊಗರಿ ಮಾರಿದ ಮೇಲೆ ಇಷ್ಟು ಕೊಡುತ್ತೇನೆ, ಯುಗಾದಿ ಹೊತ್ತಿಗೆ ಉಳಿದದ್ದು" ಎಂದು ಹೇಳಿ, ಆ ತಾರೀಖನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸಾಲ ಇರುವುದು ಪಾಪವಲ್ಲ. ಸಾಲ ಕೊಟ್ಟವರನ್ನು ಕಂಡು ಓಣಿ ಬದಲಿಸುವುದು ಸಾಕ್ಷಿಯನ್ನು ಕೆಡಿಸುತ್ತದೆ.

ನಾನೇ ಮಾಡಿದ ತಪ್ಪು ಹೇಳುತ್ತೇನೆ. ಒಮ್ಮೆ ಹೊಲಿಗೆಯವರೊಬ್ಬರಿಗೆ ಕೊಡಬೇಕಾದ ದುಡ್ಡನ್ನು ಮೂರು ತಿಂಗಳು ಎಳೆದೆ. ಅದೇ ಸಮಯದಲ್ಲಿ ಅವರನ್ನು ಕ್ರಿಸ್ಮಸ್ ಆರಾಧನೆಗೂ ಕರೆದೆ. ಅವರು ಏನೂ ಅನ್ನಲಿಲ್ಲ, "ನೋಡೋಣ್ರಿ" ಅಂದರು. ಮನೆಗೆ ಬಂದ ಮೇಲೆ ನನಗೆ ನಾಚಿಕೆಯಾಯಿತು. ಮರುದಿನ ದುಡ್ಡು ಕೊಟ್ಟೆ. ಅವರು ಆರಾಧನೆಗೆ ಬರಲಿಲ್ಲ. ಬರದೇ ಇದ್ದದ್ದು ಸರಿಯಾಗಿಯೇ ಇತ್ತು.

ನೀವು ದುಡ್ಡು ಕೊಡುವ ಜಾಗದಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಯಾಜಕಕಾಂಡ 19:13ರಲ್ಲಿ ಕೂಲಿಯವನ ಕೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಬಾರದು ಎಂದಿದೆ. ಯಾಕೋಬನ ಪತ್ರಿಕೆ 5:4ರಲ್ಲಿ, ಹೊಲ ಕೊಯ್ದವರಿಂದ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎಂದಿದೆ. ತೊಗರಿ, ಸೋಯಾಬಿನ್ ರಾಶಿಯ ಹೊತ್ತಿನಲ್ಲಿ "ಗಂಜ್‌ನಿಂದ ರೊಕ್ಕ ಬಂದ ಮೇಲೆ ಕೊಡುತ್ತೇನೆ" ಎಂದು ನಾವು ಎಷ್ಟು ಸುಲಭವಾಗಿ ಹೇಳುತ್ತೇವೆ, ಅಲ್ವಾ? ಗಂಜ್ ಅಂದರೆ ಧಾನ್ಯದ ಮಾರುಕಟ್ಟೆ. ಆಳಿನ ಮನೆಯ ಒಲೆ ಗಂಜ್‌ನ ರೊಕ್ಕಕ್ಕೆ ಕಾಯುವುದಿಲ್ಲ. ಕೂಲಿಯನ್ನು ಆ ದಿನವೇ ಕೊಡಿ. ಆಗುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ ಕೆಲಸಕ್ಕೆ ಕರೆಯುವ ಮೊದಲೇ ಹೇಳಿ. ಅಂಗಡಿ ಇದ್ದವರು ತೂಕದ ಕಾಟಾ ನೋಡಿಕೊಳ್ಳಿ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎಂದು ಜ್ಞಾನೋಕ್ತಿ 11:1 ನೇರವಾಗಿಯೇ ಹೇಳುತ್ತದೆ.

ಬೀದರ್ ಜಿಲ್ಲೆಯಲ್ಲಿ ಮೆಥೋಡಿಸ್ಟ್ ಸಭೆಗಳು ಬಹಳ. ಆ ಸಭೆಗಳವರು ತಮ್ಮ ಮೂಲವನ್ನೇ ನೆನಪು ಮಾಡಿಕೊಳ್ಳಬಹುದು. 1743ರಲ್ಲಿ ಮೆಥೋಡಿಸ್ಟ್ ಚಳವಳಿಯನ್ನು ಶುರು ಮಾಡಿದ ಜಾನ್ ವೆಸ್ಲಿ ತಮ್ಮ ಸಂಘಗಳಿಗಾಗಿ ಕೆಲವು ನಿಯಮ ಬರೆದರು. ಕೇಡು ಮಾಡಬೇಡಿ, ಒಳ್ಳೆಯದನ್ನು ಮಾಡಿ, ದೇವರ ಆರಾಧನೆ-ಪ್ರಾರ್ಥನೆಗಳನ್ನು ಬಿಡಬೇಡಿ ಎಂಬ ಮೂರು ಭಾಗ. ಕೇಡು ಎನ್ನುವ ಭಾಗದಲ್ಲಿ ಅವರು ಸೇರಿಸಿದ್ದನ್ನು ನೋಡಿ: ತೀರಿಸುವ ದಾರಿ ಕಾಣದೆ ಸಾಲ ತರುವುದು, ಹಾಗೆಯೇ ಸಾಮಾನು ತರುವುದು, ಕೊಳ್ಳುವಾಗ ಮಾರುವಾಗ ವಿಪರೀತ ಮಾತಾಡುವುದು, ಅನ್ಯಾಯದ ಬಡ್ಡಿ. ಅಂದರೆ ಅಂಗಡಿಯಲ್ಲಿ ಹೇಗೆ ಚೌಕಾಸಿ ಮಾಡುತ್ತೀರಿ ಎಂಬುದೂ ಭಕ್ತಿಯ ಲೆಕ್ಕಕ್ಕೆ ಬರುತ್ತಿತ್ತು. ಸೊಪ್ಪಿನ ಅಜ್ಜಿಯ ಹತ್ತಿರ ಐದು ರೂಪಾಯಿಗೆ ಹತ್ತು ನಿಮಿಷ ಜಗ್ಗಾಡಿ, ಮಾಲ್‌ನಲ್ಲಿ ಬಿಲ್ ನೋಡದೆ ಕೊಡುವವರು ಈ ನಿಯಮವನ್ನು ಎರಡು ಸಲ ಓದಬೇಕು.

ಹಿಂದೆ ಮೋಸ ಆಗಿದ್ದರೆ? ಲೂಕ 19ರಲ್ಲಿ ಜಕ್ಕಾಯ ಎಂಬ ಸುಂಕದವನು ಏನು ಮಾಡಿದ ನೋಡಿ. ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ. ನಾಲ್ಕರಷ್ಟು ಆಗದಿದ್ದರೆ ಅಸಲನ್ನಾದರೂ ಕೊಡಿ. ಬರೀ ಪ್ರಾರ್ಥನೆಯಲ್ಲಿ ಕ್ಷಮೆ ಕೇಳಿ ದುಡ್ಡು ಇಟ್ಟುಕೊಳ್ಳಬೇಡಿ.

3. ಮನೆಯಲ್ಲಿ ಕೇಳಿ

ಮೂರನೇ ವಾರ ಈ ಕೆಲಸ. ಗಂಡ ಅಥವಾ ಹೆಂಡತಿ, ದೊಡ್ಡ ಮಕ್ಕಳು, ಸೊಸೆ, ಮತ್ತೆ ಆ ಸತ್ಯ ಹೇಳುವ ಒಬ್ಬರು. ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ:

ನಾನು ಸಿಟ್ಟಾದಾಗ ಏನು ಮಾಡುತ್ತೇನೆ?
ನಾನು ಕೊಟ್ಟು ಉಳಿಸಿಕೊಳ್ಳದ ಮಾತು ಯಾವುದು?
ನನಗೆ ಹೇಳಲು ನೀವು ಹೆದರುವ ವಿಷಯ ಏನು?

ಉತ್ತರ ಕೇಳುವಾಗ ಒಂದೇ ನಿಯಮ: ಸಮಜಾಯಿಷಿ ಕೊಡಬೇಡಿ. "ಅದು ಹಾಗಲ್ಲ" ಎಂದಿರೋ, ಅವರು ಅಲ್ಲಿಗೇ ಬಾಯಿ ಮುಚ್ಚುತ್ತಾರೆ, ಮತ್ತೆ ಹೇಳುವುದಿಲ್ಲ. ಕೇಳಿಸಿಕೊಂಡು ಬರೆದುಕೊಳ್ಳಿ. ಆಮೇಲೆ ಒಬ್ಬರೇ ಕೂತು ಪ್ರಾರ್ಥನೆ ಮಾಡಿ.

ಸೊಸೆಯನ್ನು ಕೇಳಿ ಎಂದಾಗ ಹಿರಿಯ ಹೆಂಗಸರು ನನ್ನನ್ನು ಬೇಸರದಿಂದ ನೋಡುತ್ತಾರೆ. ಆದರೂ ಹೇಳುತ್ತೇನೆ. ಉಪವಾಸ ಪ್ರಾರ್ಥನೆಯಲ್ಲಿ ಕಣ್ಣೀರು ಹಾಕಿ, ಮನೆಗೆ ಬಂದು ಸೊಸೆಯ ತವರಿನ ಬಗ್ಗೆ ಚುಚ್ಚಿದರೆ, ಆ ಮಾತು ಆಕೆಯ ತವರಿನ ಇಡೀ ಊರಿಗೆ ಹೋಗುತ್ತದೆ. ವರದಕ್ಷಿಣೆಯೂ ಇಲ್ಲಿಯೇ ಬರುತ್ತದೆ. 1961ರಿಂದಲೇ ಈ ದೇಶದಲ್ಲಿ ಅದು ಕಾನೂನಿಗೆ ವಿರುದ್ಧ. "ನಾವು ಕೇಳಲಿಲ್ಲ, ಅವರೇ ಕೊಟ್ಟರು" ಎಂದು ಹೇಳಿ ಬೈಕು, ಬಂಗಾರ ತೆಗೆದುಕೊಂಡ ಮನೆಯ ಬಗ್ಗೆ ಓಣಿಯವರು ಏನು ಮಾತಾಡುತ್ತಾರೆಂದು ನಿಮಗೂ ಗೊತ್ತು.

ಒಬ್ಬರಿಗೊಬ್ಬರು ಹೀಗೆ ಕೇಳಿಕೊಳ್ಳುವುದು ಹೊಸದೇನೂ ಅಲ್ಲ. ವೆಸ್ಲಿಯವರ ಕಾಲದಲ್ಲಿ ಸುಮಾರು ಹನ್ನೆರಡು ಜನರ ಚಿಕ್ಕ ಗುಂಪುಗಳಿದ್ದವು. ಅವಕ್ಕೆ ಕ್ಲಾಸ್ ಎನ್ನುತ್ತಿದ್ದರು. ಮುಂದಾಳು ವಾರಕ್ಕೊಮ್ಮೆ ಒಬ್ಬೊಬ್ಬರನ್ನೂ ಕಂಡು ವಿಚಾರಿಸಬೇಕಿತ್ತು. ನಿಮ್ಮ ಓಣಿಯ ಮನೆ ಪ್ರಾರ್ಥನೆಯ ಗುಂಪಿನಲ್ಲಿ ಮೂರ್ನಾಲ್ಕು ಜನ ಸೇರಿ ಇದನ್ನು ಮಾಡಬಹುದು. ಆದರೆ ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. "ಆ ತಂಗಿಗಾಗಿ ಪ್ರಾರ್ಥಿಸಿ, ಆಕೆಯ ಮನೆಯಲ್ಲಿ ಹೀಗಾಗಿದೆಯಂತೆ" ಎಂದು ಹಬ್ಬಿಸುವುದು ಚಾಡಿಯೇ. ಪ್ರಾರ್ಥನೆಯ ಹೆಸರು ಹಚ್ಚಿದರೆ ಅದು ಬದಲಾಗುವುದಿಲ್ಲ.

4. ನಿಮ್ಮ ಸ್ವಭಾವ ಯಾವುದು ಎಂದು ಗುರುತಿಸಿ

"ಮಾತು ಬರುವುದಿಲ್ಲ" ಎಂದವರಿಗೆ ಈ ಹಂತ. ಕನ್ವೆನ್ಷನ್‌ಗಳಲ್ಲಿ, ಅಂದರೆ ಮೂರು-ನಾಲ್ಕು ದಿನ ನಡೆಯುವ ದೊಡ್ಡ ಕೂಟಗಳಲ್ಲಿ, ಗಟ್ಟಿ ದನಿಯ ಪ್ರಸಂಗ ಕೇಳಿ ಕೇಳಿ ನಮಗೆ ಸಾಕ್ಷಿ ಎಂದರೆ ಅದೇ ಎನ್ನಿಸಿಬಿಟ್ಟಿದೆ. ಸತ್ಯವೇದದಲ್ಲಿ ಹಾಗಿಲ್ಲ.

ಯೇಸುವಿನ ಶಿಷ್ಯ ಅಂದ್ರೆಯನನ್ನು ನೋಡಿ. ಪೇತ್ರನ ತಮ್ಮನೋ ಅಣ್ಣನೋ ಅನ್ನುವ ಗುರುತು ಬಿಟ್ಟರೆ ಅವನ ದೊಡ್ಡ ಪ್ರಸಂಗ ಒಂದೂ ಬರೆದಿಲ್ಲ. ಯೋಹಾನನ ಸುವಾರ್ತೆಯಲ್ಲಿ ಅವನು ಕಾಣಿಸಿದಾಗೆಲ್ಲ ಯಾರನ್ನಾದರೂ ಯೇಸುವಿನ ಹತ್ತಿರ ಮುಟ್ಟಿಸುತ್ತಿರುತ್ತಾನೆ. 1ನೇ ಅಧ್ಯಾಯದಲ್ಲಿ ಪೇತ್ರನನ್ನು ಕರೆತಂದ. 6ನೇ ಅಧ್ಯಾಯದಲ್ಲಿ ಐದು ರೊಟ್ಟಿ, ಎರಡು ಮೀನು ಇದ್ದ ಹುಡುಗನನ್ನು ತೋರಿಸಿದ. 12ನೇ ಅಧ್ಯಾಯದಲ್ಲಿ ಗ್ರೀಕರು ಕಾಣಲು ಬಂದಿದ್ದಾರೆ ಎಂದು ಫಿಲಿಪ್ಪನ ಜೊತೆ ಹೋಗಿ ಹೇಳಿದ. ಮೌನ ಸ್ವಭಾವದವರು ಮಾಡಬಹುದಾದ ಕೆಲಸ ಇದು: ಗಮನಿಸುವುದು, ಜೊತೆಗೆ ಹೋಗುವುದು. ಪಕ್ಕದ ಮನೆಯ ಅಜ್ಜಿಯ ಜೊತೆ ಬ್ಯಾಂಕಿಗೆ ಹೋಗಿ ಪಿಂಚಣಿ ಬಂದಿದೆಯಾ ನೋಡಿ. ಅಷ್ಟು ಸಾಕು. ಆದರೆ ಒಂದು ಎಚ್ಚರ. ಸುಮ್ನೆ ಇರುವವರು ಜಂಬದವರಂತೆ ಕಾಣುವುದುಂಟು. ನಮ್ಮ ಕಡೆ "ಆರಾಮ ಇದ್ದೀರಿ? ಊಟ ಆಯ್ತಾ?" ಎಂದು ಕೇಳದಿದ್ದರೆ ಜನ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಆ ಎರಡು ಮಾತನ್ನಾದರೂ ರೂಢಿ ಮಾಡಿಕೊಳ್ಳಿ.

ನೀವು ಪೇತ್ರನಂಥವರಾ? ತಟ್ಟನೆ ಮಾತು, ತಟ್ಟನೆ ಕೈ. ಅವನು ಕತ್ತಿ ಎತ್ತಿ ಒಬ್ಬ ಆಳಿನ ಕಿವಿ ಕತ್ತರಿಸಿದ. ಯೇಸು ಆ ಕಿವಿಯನ್ನು ವಾಸಿ ಮಾಡಬೇಕಾಯಿತು. ಯೇಸುವಿನ ಪರವಾಗಿ ವಾದ ಮಾಡಿ ಎದುರಿನವರನ್ನು ಬಾಯಿ ಮುಚ್ಚಿಸುವವರು ಇಂದೂ ಅದನ್ನೇ ಮಾಡುತ್ತಾರೆ. ಕಿವಿ ಕತ್ತರಿಸಿದ ಮೇಲೆ ಆ ಮನುಷ್ಯ ಏನನ್ನು ಕೇಳಿಸಿಕೊಳ್ಳಬೇಕು? ನಿಮಗೆ ಒಂದು ಅಭ್ಯಾಸ: ಚರ್ಚೆ ಬಿಸಿಯಾದಾಗ "ಇದರ ಬಗ್ಗೆ ನಾಳೆ ಮಾತಾಡೋಣ" ಎಂದು ಎದ್ದು ಬನ್ನಿ. ನಿಮ್ಮ ಉತ್ಸಾಹವನ್ನು ಮೈಕೆಲಸಕ್ಕೆ ಹಚ್ಚಿ. ಊರಲ್ಲಿ ಮದುವೆ, ಸಾವು ಏನೇ ಆದರೂ ಮೊದಲು ಓಡಿ ಹೋಗುವವರು ನೀವಾಗಿ.

ತಪ್ಪು ಹುಡುಕುವ ಸ್ವಭಾವ ನನ್ನದು, ಹಾಗಾಗಿ ಅದರ ಬಗ್ಗೆ ಗೊತ್ತು. ಎಲ್ಲದರಲ್ಲೂ ಕೊರತೆ ಕಣ್ಣಿಗೆ ಬೀಳುತ್ತದೆ. ಇಂಥವರಿಗೆ ಬಾರ್ನಬನ ದಾರಿ ಒಳ್ಳೆಯ ಔಷಧ. ಅವನ ನಿಜವಾದ ಹೆಸರು ಯೋಸೇಫ. ಧೈರ್ಯ ಕೊಡುವವನು ಎಂಬ ಅರ್ಥದಲ್ಲಿ ಅಪೊಸ್ತಲರು ಆ ಹೆಸರಿಟ್ಟರು. ಮುಂದೆ ಪೌಲ ಎನಿಸಿಕೊಂಡ ಸೌಲನನ್ನು ಯಾರೂ ನಂಬದಿದ್ದಾಗ ಕೈಹಿಡಿದು ಕರೆತಂದವನು ಅವನೇ. ದಿನಕ್ಕೆ ಒಬ್ಬರಿಗೆ ಒಂದು ಒಳ್ಳೆಯ ಮಾತು ಹೇಳಿ. ಅದು ನಿಜವಾದ ಮಾತಾಗಿರಬೇಕು, ಹೊಗಳಿಕೆ ಬೇಡ. "ನಿಮ್ಮ ಮಗಳು ಭಾಳ ಛಂದ ಓದ್ತಾಳ್ರಿ" ಅನ್ನುವಷ್ಟು.

ಮಾರ್ಥಳ ಸ್ವಭಾವದವರು, ಅಂದರೆ ಕೆಲಸ ಮಾಡುತ್ತಾ ಗೊಣಗುವವರು, ಗೊಣಗುವುದನ್ನು ಬಿಟ್ಟರೆ ಸಾಕು. ಕೆಲಸ ಬಿಡಬೇಡಿ.

ಸ್ವಭಾವವನ್ನು ನೆಪ ಮಾಡಿಕೊಳ್ಳಲೂಬೇಡಿ. "ನಾನು ಇರೋದೇ ಹಿಂಗ" ಎಂದು ಹೇಳಿದಾಗ ಎದುರಿನವರಿಗೆ ಕೇಳಿಸುವುದು "ನನ್ನ ದೇವರು ನನ್ನಲ್ಲಿ ಏನೂ ಬದಲು ಮಾಡಿಲ್ಲ" ಎಂದು.

5. ಸಪ್ಪಳ

ಇದು ಬೇಗ ಮುಗಿಯುವ ಹಂತ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಮನೆಗಳಿರುವ ಓಣಿಯಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ಡೆಸಿಬೆಲ್ ಎಂದರೆ ಸಪ್ಪಳದ ಅಳತೆ. ಇಬ್ಬರು ಕೂತು ಮಾತಾಡುವ ದನಿ ಸುಮಾರು 60. ಅಂದರೆ ಮನೆ ಪ್ರಾರ್ಥನೆಗೆ ಸ್ಪೀಕರ್ ಬೇಕಾಗಿಯೇ ಇಲ್ಲ. ಬೇರೆಯವರ ಮೈಕ್ ಜೋರಾಗಿದೆ ಎಂಬುದು ನಮ್ಮ ಮೈಕ್ ಜೋರು ಮಾಡಲು ಕಾರಣ ಆಗುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ಸಮಯದಲ್ಲಿ ಪಕ್ಕದ ಮನೆಗೆ ಹೋಗಿ ಕೇಳಿ: "ಇವತ್ತು ಪ್ರಾರ್ಥನೆ ಇದೆ, ನಿಮ್ಮ ಮಗುವಿಗೆ ತೊಂದರೆ ಆಗುತ್ತದಾ?" ಬಂದವರ ಬೈಕುಗಳು ಯಾರ ಬಾಗಿಲಿಗೂ ಅಡ್ಡ ನಿಲ್ಲದಿರಲಿ.

6. ಬೇರೆಯವರ ಹಬ್ಬ, ಬೇರೆಯವರ ಊಟ

ನಮ್ಮ ಭಾಗ ಒಂದೇ ನಂಬಿಕೆಯ ಊರಲ್ಲ. ಬಸವಣ್ಣನವರ ಕಲ್ಯಾಣ ಬೀದರ್ ಜಿಲ್ಲೆಯಲ್ಲಿದೆ. ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಯೂ ಆಗುತ್ತದೆ, ಬಂದೇನವಾಜ್ ಉರುಸೂ ಆಗುತ್ತದೆ. ಯಾದಗಿರಿ ಕಡೆ ಮೈಲಾಪುರದ ಜಾತ್ರೆಗೆ ಊರೂರೇ ಹೊರಡುತ್ತವೆ. ನುಡಿದಂತೆ ನಡೆಯಬೇಕು ಎಂಬುದನ್ನು ಇಲ್ಲಿಯ ಜನ ಶರಣರಿಂದ ಕೇಳಿಕೊಂಡೇ ಬೆಳೆದಿದ್ದಾರೆ. ಅವರಿಗೆ ಅದನ್ನು ನಾವು ಹೊಸದಾಗಿ ಕಲಿಸಬೇಕಿಲ್ಲ. ಅದೇ ಅಳತೆಯಿಂದ ಅವರು ನಮ್ಮನ್ನು ಅಳೆಯುತ್ತಾರೆ.

ಹಾಗಾಗಿ ಬೇರೆಯವರ ದೇವರ ಬಗ್ಗೆ ಹೀನಾಯವಾಗಿ ಮಾತಾಡಬೇಡಿ. ಮನೆಯೊಳಗೂ ಬೇಡ, ಯಾಕೆಂದರೆ ಮಕ್ಕಳು ಅದನ್ನು ಶಾಲೆಗೆ ಒಯ್ಯುತ್ತಾರೆ. ಎಫೆಸದ ಗಲಾಟೆಯಲ್ಲಿ ಊರಿನ ಅಧಿಕಾರಿಯೇ ಎದ್ದು ನಿಂತು ಪೌಲನ ಜೊತೆಗಾರರ ಬಗ್ಗೆ, ಇವರು ನಮ್ಮ ದೇವಿಯನ್ನು ಬೈದವರಲ್ಲ ಎಂದು ಹೇಳಿದ. ಅಪೊಸ್ತಲರ ಕೃತ್ಯಗಳು 19:37. ನಿಮ್ಮ ಬಗ್ಗೆ ನಿಮ್ಮ ಊರಿನ ಪಂಚಾಯಿತಿ ಸದಸ್ಯರು ಹಾಗೆ ಹೇಳಬಲ್ಲರಾ?

ಈಗ ಜಾಸ್ತಿ ಬರುವ ಪ್ರಶ್ನೆ: ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಊಟಕ್ಕೆ ಕರೆದರೆ ಹೋಗಬೇಕಾ? ಈ ಕಡೆಯವರಲ್ಲದ ಓದುಗರಿಗೆ ಹೇಳಬೇಕೆಂದರೆ, ಡಿಸೆಂಬರ್-ಜನವರಿ ಹೊತ್ತಿಗೆ ಬರುವ ಈ ದಿನ ರೈತರು ಮನೆಮಂದಿ, ನೆರೆಯವರು, ಗೆಳೆಯರನ್ನೆಲ್ಲ ಹೊಲಕ್ಕೆ ಕರೆದೊಯ್ಯುತ್ತಾರೆ. ಪೂಜೆ ಮಾಡಿ ಚರಗ ಚೆಲ್ಲುತ್ತಾರೆ, ಅಂದರೆ ಅಡುಗೆಯನ್ನು ಪೈರಿನ ಮೇಲೆ ಚೆಲ್ಲಿ ಭೂಮಿಗೆ ಅರ್ಪಿಸುತ್ತಾರೆ. ಆಮೇಲೆ ಸಜ್ಜೆ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹೋಳಿಗೆ.

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ 10:27ರಲ್ಲಿ ಹೀಗೊಂದು ಸೂಚನೆ ಇದೆ: ನಂಬದವರು ಊಟಕ್ಕೆ ಕರೆದು ನಿಮಗೆ ಹೋಗಲು ಮನಸ್ಸಿದ್ದರೆ, ಬಡಿಸಿದ್ದನ್ನು ಪ್ರಶ್ನೆ ಮಾಡದೆ ಊಟ ಮಾಡಿ. ಮುಂದಿನ ವಚನದಲ್ಲಿ, ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಹೇಳಿದವನ ಮನಸ್ಸಾಕ್ಷಿಗಾಗಿ ತಿನ್ನಬೇಡಿ ಎಂದಿದೆ. ಸಭೆಗಳಲ್ಲಿ ಈ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇವೆ. ನಿಮ್ಮ ಪಾಸ್ಟರ್ ಜೊತೆ ಮಾತಾಡಿ. ನನ್ನ ಅಭಿಪ್ರಾಯ ಇದು: ಕರೆದರೆ ಹೋಗಿ. ಪೂಜೆಯ ಹೊತ್ತಿನಲ್ಲಿ ಸ್ವಲ್ಪ ದೂರದಲ್ಲಿ ಸುಮ್ಮನೆ ನಿಂತಿರಿ. ಮುಖ ತಿರುಗಿಸಬೇಡಿ, ಕಲಿಸಲು ಹೋಗಬೇಡಿ. ನೈವೇದ್ಯ ಕೊಟ್ಟಾಗ ತೆಗೆದುಕೊಳ್ಳಲು ಮನಸ್ಸಾಕ್ಷಿ ಒಪ್ಪದಿದ್ದರೆ ಎರಡೂ ಕೈ ಜೋಡಿಸಿ "ಇದೊಂದು ಬಿಡ್ರಿ ಅಣ್ಣಾ, ಊಟಕ್ಕೆ ಪಕ್ಕಾ ಕೂಡ್ತೀನಿ" ಎಂದು ನಗುತ್ತಾ ಹೇಳಿ. ಆಮೇಲೆ ಪಂಕ್ತಿಯಲ್ಲಿ ಕೂತು ಹೊಟ್ಟೆ ತುಂಬ ಉಣ್ಣಿ. ಪಾತ್ರೆ ತೊಳೆಯಲು ಕೈ ಹಚ್ಚಿ. ವರ್ಷವಿಡೀ ಅವರ ಹೊಲದಲ್ಲಿ ದುಡಿದು, ಆ ಒಂದು ದಿನ ಮಾತ್ರ ಬಾರದವರು ಅವರ ಮನಸ್ಸಿನಲ್ಲಿ ಯಾವ ಗುರುತು ಬಿಟ್ಟು ಹೋಗುತ್ತಾರೆ, ಯೋಚಿಸಿ.

ಕ್ರಿಸ್ಮಸ್‌ಗೆ ಅವರನ್ನು ಕರೆದಾಗ ಅವರು ತಿನ್ನುವುದನ್ನು ಮಾಡಿ. ಲಿಂಗಾಯತ ನೆರೆಯವರಿಗೆ ಬೇರೆ ಪಾತ್ರೆಯಲ್ಲಿ ಸಸ್ಯಾಹಾರ ಮಾಡಿಡಿ, ಮುಸ್ಲಿಂ ನೆರೆಯವರಿಗೆ ಹಲಾಲ್ ಅಲ್ಲದ ಮಾಂಸ ಬಡಿಸಬೇಡಿ. ನನ್ನ ಊಟ ನನ್ನ ಸಹೋದರನನ್ನು ಎಡವಿಸುವುದಾದರೆ ಎಂದಿಗೂ ಮಾಂಸ ತಿನ್ನುವುದಿಲ್ಲ ಎಂದು ಪೌಲನೇ ಬರೆದಿದ್ದಾನೆ.

7. ಸಹಾಯದ ಜೊತೆ ಆಮಂತ್ರಣ ಕಟ್ಟಬೇಡಿ

ರೇಷನ್ ಕೊಟ್ಟ ಕೈಯಿಂದಲೇ ಕರಪತ್ರ ಕೊಡಬೇಡಿ. ಆಸ್ಪತ್ರೆಯಲ್ಲಿ ಮಲಗಿದವರಿಗೆ "ಸಭೆಗೆ ಬಂದಿದ್ದರೆ ಹೀಗಾಗುತ್ತಿರಲಿಲ್ಲ" ಎನ್ನಬೇಡಿ. "ಮಾತ್ರೆ ಬಿಡಿ, ಪ್ರಾರ್ಥನೆ ಸಾಕು" ಎಂದು ಎಂದೆಂದಿಗೂ ಹೇಳಬೇಡಿ. ಸಕ್ಕರೆ ಕಾಯಿಲೆ, ಬಿಪಿ, ಟಿಬಿ ಮಾತ್ರೆಗಳನ್ನು ನಡುವೆ ಬಿಟ್ಟರೆ ಜೀವಕ್ಕೇ ಅಪಾಯ.

ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಪಾಲಿಸುವ, ಹೇಳುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. 2022ರಲ್ಲಿ ಕರ್ನಾಟಕ ಮಾಡಿದ ಮತಾಂತರದ ಕಾನೂನು ಉಡುಗೊರೆ, ಹಣ, ಉಚಿತ ಶಿಕ್ಷಣ, ಮದುವೆಯ ಭರವಸೆ ಇಂಥವನ್ನು ಆಮಿಷ ಎಂದು ಎಣಿಸಿತು. ಆಮಿಷ ಅಂದರೆ ಆಸೆ ತೋರಿಸಿ ಸೆಳೆಯುವುದು. ಆ ಕಾನೂನಿನ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಬೆಲೆ ಹಚ್ಚಿದ ಪ್ರೀತಿ ಯೇಸುವಿನದ್ದಲ್ಲ. ಅವರು ಹತ್ತು ಕುಷ್ಠರೋಗಿಗಳನ್ನು ವಾಸಿ ಮಾಡಿದರು, ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಜನರ ಆರೋಗ್ಯವನ್ನು ಅವರು ವಾಪಸ್ ಕೇಳಲಿಲ್ಲ.

ಸುಲಭದ ಪರೀಕ್ಷೆ ಒಂದಿದೆ. ಇವರು ಎಂದೂ ಸಭೆಗೆ ಬರುವುದಿಲ್ಲ ಎಂದು ಖಚಿತವಾಗಿ ಗೊತ್ತಿದ್ದರೂ ಈ ಸಹಾಯ ಮಾಡುತ್ತಿದ್ದಿರಾ? ಹೌದು ಎಂದಾದರೆ ಮಾಡಿ.

8. ಸಭೆಯ ಜಗಳ, ಫೋನಿನ ಮಾತು

ಸಭೆಯ ಕಮಿಟಿಯ ಜಗಳ ಚಹಾ ಅಂಗಡಿಗೆ ಬಂದರೆ ಊರಿಗೇ ಗೊತ್ತಾಗುತ್ತದೆ. ನೀವು ಒಬ್ಬರನ್ನೊಬ್ಬರು ಪ್ರೀತಿಸುವುದರಿಂದಲೇ ನೀವು ನನ್ನ ಶಿಷ್ಯರೆಂದು ತಿಳಿಯುತ್ತದೆ ಎಂದು ಯೋಹಾನ 13:35ರಲ್ಲಿದೆ. ಸಂಬಂಧ ನೋಡುವಾಗ "ಮೊದಲು ಅವರು ಯಾವ ಜಾತಿ?" ಎಂದು ಮೆಲ್ಲಗೆ ಕೇಳುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಈ ಮಾತು ಬರೆಯಲು ನನಗೆ ನೋವಾಗುತ್ತದೆ. ಜಾತಿಯ ಅವಮಾನ ಉಂಡು ಬಂದ ಕುಟುಂಬಗಳೇ ನಮ್ಮ ಸಭೆಗಳಲ್ಲಿ ಬಹಳ. ಅದೇ ಅವಮಾನವನ್ನು ನಾವು ಇನ್ನೊಬ್ಬರಿಗೆ ಬಡಿಸಬಾರದು.

ವಾಟ್ಸಾಪ್‌ನಲ್ಲಿ ಬಂದದ್ದು ನಿಜವೋ ಸುಳ್ಳೋ ಗೊತ್ತಿಲ್ಲದಿದ್ದರೆ ಮುಂದೆ ಕಳಿಸಬೇಡಿ. ದಿನಾ ಬೆಳಿಗ್ಗೆ ವಚನ ಕಳಿಸುವವರು, ಆ ನಂಬರಿನವರ ತಾಯಿ ತೀರಿಕೊಂಡಾಗ ಒಂದು ಫೋನ್ ಮಾಡಿದ್ದೀರಾ ನೋಡಿಕೊಳ್ಳಿ.

9. ಎಡವಿದಾಗ

ಎಡವುತ್ತೀರಿ. ನಳದ ಹತ್ತಿರ ಬಾಯಿ ಜಾರುತ್ತದೆ, ಮಗನಿಗೆ ಕೈ ಎತ್ತುತ್ತೀರಿ. ಮತ್ತಾಯ 5:23-24ರ ಪ್ರಕಾರ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಆ ಮನುಷ್ಯನ ಹತ್ತಿರ ಹೋಗಬೇಕು.

ಹೋಗುವ ಕ್ರಮ ಹೀಗೆ. ಆ ದಿನವೇ ಹೋಗಿ, ಇಲ್ಲದಿದ್ದರೆ ಮರುದಿನ. ನಾಲ್ಕು ಜನರ ಮುಂದೆ ಬೈದಿದ್ದರೆ ಅದೇ ನಾಲ್ಕು ಜನರ ಮುಂದೆ ತಪ್ಪಾಯಿತು ಎನ್ನಿ. "ಆದರೆ" ಎಂಬ ಮಾತು ಸೇರಿಸಬೇಡಿ. "ನಾನು ಸಿಟ್ಟಿನಲ್ಲಿ ನಿಮಗೆ ಕೆಟ್ಟ ಮಾತು ಅಂದೆ. ನನ್ನದು ತಪ್ಪು. ಕ್ಷಮಿಸ್ರಿ" ಇಷ್ಟೇ. ಅವರು ಕ್ಷಮಿಸದಿದ್ದರೂ ಜಗಳ ಆಡಬೇಡಿ. ಕ್ಷಮೆ ಕೇಳಲು ಹೋದ ದಿನವೇ ಯೇಸುವಿನ ವಿಷಯ ತೆಗೆಯಬೇಡಿ. ನೊಂದವರಿಗೆ ಅದು ನೆಪದಂತೆ ಕೇಳಿಸುತ್ತದೆ. ಮಕ್ಕಳ ಹತ್ತಿರವೂ ಕ್ಷಮೆ ಕೇಳಿ. ಅಪ್ಪ ತಪ್ಪಾಯಿತು ಎಂದದ್ದನ್ನು ಮಗ ಮರೆಯುವುದಿಲ್ಲ.

10. ಯಾರಾದರೂ ಕೇಳಿದಾಗ

ಇಷ್ಟೆಲ್ಲ ಮಾಡಿ ಬಾಯಿ ಮುಚ್ಚಿಕೊಂಡೇ ಇರಬೇಕಾ? ಇಲ್ಲ. ಪೇತ್ರನ ಮೊದಲನೆಯ ಪತ್ರಿಕೆ 3:15ರಲ್ಲಿ, ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಏನು ಎಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ, ಗೌರವದಿಂದ ಹೇಳಿ ಎಂದಿದೆ. ಕಿವಿ ಕತ್ತರಿಸಿದ ಆ ಪೇತ್ರನ ಹೆಸರಿನ ಪತ್ರಿಕೆಯಲ್ಲೇ ಈ ಮಾತಿದೆ.

ಆರನೇ ವಾರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಿಮ್ಮ ಉತ್ತರವನ್ನು ಐದು ಸಾಲಿನಲ್ಲಿ ಬರೆದು ನೋಡಿ. ನೀವು ಹೇಗಿದ್ದಿರಿ, ಯೇಸು ನಿಮಗೆ ಹೇಗೆ ಸಿಕ್ಕರು, ಈಗ ಏನು ಬದಲಾಗಿದೆ, ಏನು ಇನ್ನೂ ಬದಲಾಗಿಲ್ಲ. ಕೊನೆಯದನ್ನು ಬಿಡಬೇಡಿ. ನಿಮ್ಮ ಕೊರತೆ ಅವರಿಗೆ ಹೇಗೂ ಗೊತ್ತಿದೆ. ನಿಮಗೂ ಗೊತ್ತಿದೆ ಎಂದು ತಿಳಿದರೆ ಉಳಿದ ಮಾತನ್ನು ನಂಬುತ್ತಾರೆ. ಸಭೆಯೊಳಗಿನ ಪದಗಳನ್ನು ಬಿಟ್ಟು ಮಾತಾಡಿ. "ರಕ್ಷಣೆ ಹೊಂದಿದೆ", "ಅಭಿಷೇಕ ಆಯಿತು" ಎಂದರೆ ಅಂಗಡಿಯ ಕಾಕಾಗೆ ಅರ್ಥವಾಗುವುದಿಲ್ಲ. "ಕುಡಿಯುವುದು ಬಿಟ್ಟೆ", "ತಮ್ಮನ ಜೊತೆ ಮಾತು ಬಿಟ್ಟಿದ್ದೆ, ಈಗ ಮಾತಾಡುತ್ತೇನೆ" ಎಂದರೆ ಅರ್ಥವಾಗುತ್ತದೆ.

ಕೇಳಿದಷ್ಟಕ್ಕೆ ಉತ್ತರ ಹೇಳಿ. ಕೈಯಲ್ಲಿರುವ ಚಹಾ ಮುಗಿಯುವುದರೊಳಗೆ ನಿಮ್ಮ ಮಾತೂ ಮುಗಿಯಲಿ. ಅವರು ಇನ್ನೂ ಕೇಳಿದರೆ ಮುಂದುವರಿಸಿ. ಕೇಳದಿದ್ದರೆ ಅವರ ಮಗಳ ಪರೀಕ್ಷೆ ಹೇಗಾಯಿತು ಎಂದು ವಿಚಾರಿಸಿ, ಚಹಾದ ದುಡ್ಡು ಕೊಟ್ಟು ಮನೆಗೆ ಬನ್ನಿ.